ಊರು ಬಿಡಿಸಿ ಅದನ್ನು ಬಿಡುಗಡೆ ಎನ್ನಬೇಡಿ

“ನಿನ್ನಂಥವರಿಗೆ ಈ ಊರು ಆಗಿಬರೋದಿಲ್ಲ. ಬೆಂಗಳೂರಿಗೋ ಕೊಯಮತ್ತೂರಿಗೋ ಹೋಗಿಬಿಡು. ಅಲ್ಲಿ ಯಾರೂ ಏನೂ ಕೇಳೋದಿಲ್ಲ.”

ಮಗನೆಂದು ಬೆಳೆಸಿದ ಮಗು ತಾನು ಹೆಣ್ಣು ಎಂದಾಗ ನಮ್ಮ ಬೆಟ್ಟದ ಊರುಗಳಲ್ಲಿ ಹುಟ್ಟುವ ಮಾತು ಇದು. ಸೋದರಮಾವ ಇದನ್ನು ಸಿಟ್ಟಿನಿಂದ ಹೇಳುತ್ತಾನೆ. ಶಾಲೆಯ ಮೇಷ್ಟ್ರು ಮರುಕದಿಂದ ಹೇಳುತ್ತಾರೆ. ಓದಿಕೊಂಡ ಗೆಳತಿ ಪ್ರೀತಿಯಿಂದಲೇ ಹೇಳುತ್ತಾಳೆ. ಪ್ರಗತಿಪರರ ಬಾಯಲ್ಲಿ ಇದೇ ಮಾತು ಇನ್ನಷ್ಟು ಚೆಂದವಾಗುತ್ತದೆ: ಸಣ್ಣ ಊರು ಉಸಿರು ಕಟ್ಟಿಸುತ್ತದೆ, ಮಹಾನಗರ ಬಿಡುಗಡೆ ಕೊಡುತ್ತದೆ. ಬಾಯಿಗಳು ಬೇರೆ ಬೇರೆ, ತೀರ್ಪು ಒಂದೇ. ಹೊರಡಬೇಕಾದದ್ದು ಆ ಮಗು. ಊರು ಇದ್ದಲ್ಲೇ, ಇದ್ದಹಾಗೇ ಇರುತ್ತದೆ.

ಈ ತೀರ್ಪು ಸುಳ್ಳು, ಕ್ರೂರ. ಪ್ರೀತಿಯಿಂದ ಹೇಳಿದರೂ ಅದರ ಕ್ರೌರ್ಯ ಕಡಿಮೆಯಾಗುವುದಿಲ್ಲ. ಊರೇ ತಪ್ಪು ಮಾಡಿ, ಅದರ ಖರ್ಚನ್ನು ಹದಿನೆಂಟು ವರ್ಷದ ಒಂದು ಜೀವದ ತಲೆಗೆ ಕಟ್ಟಿ, ಬಸ್ ಹತ್ತಿಸಿ, ‘ಒಳ್ಳೆಯದಾಯಿತು, ಅಲ್ಲಿ ಸುಖವಾಗಿರುತ್ತಾಳೆ’ ಎಂದು ಕೈ ತೊಳೆದುಕೊಳ್ಳುವುದಕ್ಕೆ ಬಿಡುಗಡೆಯ ಹೆಸರು ಸಲ್ಲದು.

ನಾನಿದನ್ನು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ಕೂತು ಬರೆಯುತ್ತಿರುವುದಕ್ಕೆ ಕಾರಣವಿದೆ. ಹೊಸಬರನ್ನು ಬರಮಾಡಿಕೊಳ್ಳುವುದನ್ನೇ ಕಸುಬಾಗಿಸಿಕೊಂಡ ಊರು ಇದು. 1852ರಲ್ಲಿ ಬಡಗರ ಹಟ್ಟಿಯಾದ ಜಗತಳದ ಹತ್ತಿರ ಬ್ರಿಟಿಷರು ಬ್ಯಾರಕ್ ಕಟ್ಟಲು ಶುರುಮಾಡಿದ ದಿನದಿಂದ ಇಲ್ಲಿ ಬಂದುಹೋಗುವ ಜನರದ್ದೇ ಕಾರುಬಾರು. 1947ರಲ್ಲಿ ದೇಶ ಒಡೆದಾಗ ಕ್ವೆಟ್ಟಾದ ಸ್ಟಾಫ್ ಕಾಲೇಜಿನ ಭಾರತದ ಪಾಲು ಇಲ್ಲಿಗೆ ಬಂದು ನೆಲೆಸಿತು. ಈಗ ವರ್ಷವರ್ಷವೂ ಮೂರೂ ಸೇನಾಪಡೆಗಳ ನೂರಾರು ಅಧಿಕಾರಿಗಳು, ಜೊತೆಗೆ ಹತ್ತಾರು ಹೊರದೇಶಗಳ ಅಧಿಕಾರಿಗಳು ಸಂಸಾರ ಸಮೇತ ಈ ಬೆಟ್ಟ ಹತ್ತಿ ಬರುತ್ತಾರೆ. ಅವರ ಭಾಷೆ ಬೇರೆ, ಊಟ ಬೇರೆ, ಉಡುಗೆ ಬೇರೆ. ಒಂದು ವರ್ಷ ತುಂಬುವ ಮೊದಲೇ ಹೊರಟೂ ಬಿಡುತ್ತಾರೆ. ಆದರೂ ಅವರು ಬಂದಿಳಿಯುವ ಹೊತ್ತಿಗೆ ಕ್ವಾರ್ಟರ್ಸ್ ಸಿದ್ಧವಿರುತ್ತದೆ, ಮಕ್ಕಳಿಗೆ ಶಾಲೆ ಇರುತ್ತದೆ, ಜ್ವರ ಬಂದರೆ ಮಿಲಿಟರಿ ಆಸ್ಪತ್ರೆ, ದಿನಸಿಗೆ ಕ್ಯಾಂಟೀನ್. ಸಾಮಾನು ಸಾಗಿಸಿದ ಖರ್ಚನ್ನೂ ಸರ್ಕಾರವೇ ಕೊಡುತ್ತದೆ. ‘ಧೈರ್ಯ ಮಾಡಿ ಹೋಗು, ಅಲ್ಲಿ ಹೇಗೋ ಆಗುತ್ತದೆ’ ಎಂದು ಯಾವ ಮೇಜರನಿಗೂ ಯಾರೂ ಹೇಳಿದ್ದಿಲ್ಲ.

ಅಧಿಕಾರಿಗಳ ಮಾತು ಬೇರೆ ಎನ್ನುವವರಿಗೆ ಇದೇ ಜಿಲ್ಲೆಯ ಇನ್ನೊಂದು ಕತೆ ಇದೆ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬರಿಗೈಯಲ್ಲಿ ಬಂದ ಬಡ ತಮಿಳು ಕೂಲಿ ಕುಟುಂಬಗಳಿಗಾಗಿ ತಮಿಳುನಾಡು ಸರ್ಕಾರ 1968ರಲ್ಲಿ ನೀಲಗಿರಿಯಲ್ಲಿ ಚಹಾ ತೋಟಗಳನ್ನೇ ಎಬ್ಬಿಸಿತು. ಗೂಡಲೂರು, ಕೋತಗಿರಿ, ಕೂನೂರು ಕಡೆ ‘ಟ್ಯಾನ್‌ಟೀ’ ತೋಟಗಳಲ್ಲಿ ಅವರಿಗೆ ಕೆಲಸ ಸಿಕ್ಕಿತು, ಲೈನ್ ಮನೆ ಸಿಕ್ಕಿತು. ಆ ಮನೆಗಳು ಇಕ್ಕಟ್ಟಿನವು, ಆ ಕೂಲಿ ಕಡಿಮೆ, ಅವರ ಕಷ್ಟ ಇನ್ನೂ ಮುಗಿದಿಲ್ಲ. ಆದರೆ ಊರು ಬಿಟ್ಟು ಬಂದವರಿಗೆ ಮೊದಲು ಬೇಕಾದದ್ದು ಸೂರು ಮತ್ತು ದುಡಿಮೆ ಎಂಬ ತಿಳಿವು ಆ ಯೋಜನೆಯಲ್ಲಿತ್ತು. ಹಾಗಾಗಿ ಬಂದವರನ್ನು ನೆಲೆಗೊಳಿಸುವ ವಿದ್ಯೆ ನಮಗೆ ಗೊತ್ತಿಲ್ಲ ಎನ್ನುವಂತಿಲ್ಲ. ಯಾರನ್ನು ನಮ್ಮವರೆಂದು ಎಣಿಸಿದೆವೋ ಅವರಿಗಾಗಿ ಬೆಟ್ಟವನ್ನೇ ತೋಟ ಮಾಡಿದೆವು. ಟ್ರಾನ್ಸ್‌ಜೆಂಡರ್ ಮಗುವಿನ ವಿಷಯಕ್ಕೆ ಬಂದಾಗ ಮಾತ್ರ ಬಸ್ ಟಿಕೆಟ್ಟಿಗಿಂತ ಆಚೆ ನಮ್ಮ ಬುದ್ಧಿ ಓಡುವುದಿಲ್ಲ.

ಸೇನೆಯ ಅಚ್ಚುಕಟ್ಟೂ ಎಲ್ಲರಿಗೆ ಒಂದೇ ಅಲ್ಲ. 2017ರ ಅಕ್ಟೋಬರ್‌ನಲ್ಲಿ ನೌಕಾಪಡೆ ಸಾಬಿ ಗಿರಿ ಅವರನ್ನು ಸೇವೆಯಿಂದ ತೆಗೆದುಹಾಕಿತು. ವಿಶಾಖಪಟ್ಟಣದಲ್ಲಿ ಕೆಲಸ ಮಾಡುತ್ತಿದ್ದ ಆ ನಾವಿಕರು ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಮನೆ, ಕೆಲಸ, ಊರು ಎಲ್ಲವನ್ನೂ ಕೊಡಬಲ್ಲ ವ್ಯವಸ್ಥೆ ಎಲ್ಲವನ್ನೂ ಒಂದೇ ಆದೇಶದಲ್ಲಿ ಕಿತ್ತುಕೊಳ್ಳಲೂ ಬಲ್ಲದು.

ಈಗ ‘ಅಲ್ಲಿ ಯಾರೂ ಏನೂ ಕೇಳೋದಿಲ್ಲ’ ಎಂಬ ಮಾತಿಗೆ ಬರೋಣ. ನಗರ ಕೇಳುವಷ್ಟು ಪ್ರಶ್ನೆಯನ್ನು ಯಾವ ಹಳ್ಳಿಯೂ ಕೇಳುವುದಿಲ್ಲ. ಹಳ್ಳಿಗೆ ನಿಮ್ಮ ಅಜ್ಜಿಯ ಹೆಸರು ಗೊತ್ತು. ನಗರಕ್ಕೆ ಏನೂ ಗೊತ್ತಿಲ್ಲ, ಆದ್ದರಿಂದ ಎಲ್ಲಕ್ಕೂ ಕಾಗದ ಬೇಕು. ಬೆಂಗಳೂರಿಗೆ ಬಂದಿಳಿದವರು ಮೊದಲು ಹುಡುಕುವುದು ಪಿಜಿ. ಬೋರ್ಡಿನ ಮೇಲೆ ‘ಲೇಡೀಸ್ ಪಿಜಿ’ ಎಂದಿರುತ್ತದೆ, ಇಲ್ಲವೇ ‘ಜೆಂಟ್ಸ್ ಪಿಜಿ’. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಎದುರು ನಿಂತವರ ಮುಖದಲ್ಲಿ ಇನ್ನೊಂದು. ಬಾಡಿಗೆ ಮನೆ ಎಂದರೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿಯ ಊರದು. ಮನೆಯಿಂದ ಹೊರಹಾಕಿಸಿಕೊಂಡವರ ಬಳಿ ಅಷ್ಟು ಹಣ ಎಲ್ಲಿಂದ ಬರಬೇಕು? ಕೆಲಸಕ್ಕೆ ಹೋದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೇಳುತ್ತಾರೆ, ಅದರಲ್ಲೂ ಹಳೆಯ ಹೆಸರು. ಶಾಲೆಯ ಟಿಸಿ ಬೇಕೆಂದರೆ ಯಾವ ಊರಿನಿಂದ ಓಡಿಬಂದರೋ ಅದೇ ಊರಿಗೆ ಹೋಗಿ, ಅದೇ ಹೆಡ್‌ಮಾಸ್ಟರ ಮುಂದೆ ನಿಲ್ಲಬೇಕು.

ಕೆಲಸ ಸಿಕ್ಕರೆ ಎಲ್ಲ ಸಲೀಸು ಎನ್ನುವವರು ಕೊಚ್ಚಿಯನ್ನು ನೆನೆಯಬೇಕು. 2017ರ ಜೂನ್‌ನಲ್ಲಿ ಕೊಚ್ಚಿ ಮೆಟ್ರೊ ಓಡಾಟ ಆರಂಭಿಸುವಾಗ ಕೇರಳ ಸರ್ಕಾರದ ಕುಟುಂಬಶ್ರೀ ಯೋಜನೆಯ ಮೂಲಕ ಟ್ರಾನ್ಸ್‌ಜೆಂಡರ್ ಸಿಬ್ಬಂದಿಯನ್ನು ಸೇರಿಸಿಕೊಂಡಿತು. ದೇಶವೇ ಮೆಚ್ಚಿ ಬರೆಯಿತು. ಟಿಕೆಟ್ ಕೌಂಟರಿನಲ್ಲಿ, ಸ್ವಚ್ಛತಾ ವಿಭಾಗದಲ್ಲಿ ದುಡಿಯುತ್ತಿದ್ದ ಅವರ ಚಿತ್ರಗಳು ಪತ್ರಿಕೆಗಳ ಮುಖಪುಟಕ್ಕೆ ಬಂದವು. ಹಾಗೆ ಸೇರಿದ 21 ಮಂದಿಯಲ್ಲಿ 8 ಮಂದಿ ಕೆಲವೇ ದಿನಗಳಲ್ಲಿ ಕೆಲಸ ಬಿಟ್ಟರು. ಕಾರಣ ಸಂಬಳವಲ್ಲ, ದುಡಿಮೆಯ ಭಾರವೂ ಅಲ್ಲ. ಊರಲ್ಲಿ ಯಾರೂ ಅವರಿಗೆ ಮನೆ ಕೊಡಲಿಲ್ಲ. ಲಾಡ್ಜಿನಲ್ಲಿ ದಿನಕ್ಕೆ 600 ರೂಪಾಯಿ ಕೊಟ್ಟು ಇದ್ದರೆ ತಿಂಗಳ ಸಂಬಳಕ್ಕಿಂತ ಬಾಡಿಗೆಯೇ ಹೆಚ್ಚಾಗುತ್ತಿತ್ತು. ಸರ್ಕಾರಿ ಸಂಸ್ಥೆಯೊಂದು ಕರೆದು ಕೊಟ್ಟ ಕೆಲಸ, ಇಡೀ ದೇಶದ ಚಪ್ಪಾಳೆ, ಸಾಕ್ಷರತೆಯಲ್ಲಿ ಮುಂದಿರುವ ರಾಜ್ಯ, ದೊಡ್ಡ ನಗರ. ಬಿಡುಗಡೆಗೆ ಬೇಕೆಂದು ನಮ್ಮ ಪ್ರಗತಿಪರರು ಹೇಳುವುದೆಲ್ಲವೂ ಅಲ್ಲಿತ್ತು. ಒಂದು ಕೋಣೆ ಇರಲಿಲ್ಲ.

ಬೆಂಗಳೂರಿನ ಚರಿತ್ರೆಯೂ ಇದಕ್ಕಿಂತ ಹಸನಾಗಿಲ್ಲ. ಕರ್ನಾಟಕದ ಮಾನವ ಹಕ್ಕು ಸಂಘಟನೆ ಪಿಯುಸಿಎಲ್ 2003ರಲ್ಲಿ ಬೆಂಗಳೂರಿನ ಹಿಜ್ರಾ ಮತ್ತು ‘ಕೋತಿ’ ಎಂದು ಗುರುತಿಸಿಕೊಳ್ಳುವ ಸಮುದಾಯಗಳ ಮೇಲಿನ ದೌರ್ಜನ್ಯದ ಬಗ್ಗೆ ವರದಿ ಪ್ರಕಟಿಸಿತು. ಪೊಲೀಸ್ ಠಾಣೆಯಲ್ಲಿ, ರಸ್ತೆಯಲ್ಲಿ, ಆಸ್ಪತ್ರೆಯಲ್ಲಿ ನಡೆದದ್ದನ್ನು ಅದು ದಾಖಲಿಸಿದೆ. ಹಿಜ್ರಾಗಳಿಗೆ ಮನೆ ಕೊಡಬೇಡಿ ಎಂದು ಪೊಲೀಸರೇ ಮಾಲೀಕರಿಗೆ ಹೇಳುತ್ತಿದ್ದಾರೆಂದು 2008ರಲ್ಲಿ ಹೋರಾಟಗಾರರು ಬೀದಿಗಿಳಿಯಬೇಕಾಯಿತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಸೆಕ್ಷನ್ ಸೇರಿಸಿ, ಶಂಕಿತ ಹಿಜ್ರಾಗಳ ಹೆಸರು ಮತ್ತು ವಾಸಸ್ಥಳದ ಪಟ್ಟಿ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಡಲಾಯಿತು. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟು ಕಾಯ್ದೆಯಲ್ಲಿದ್ದದ್ದೂ ಇಂಥದೇ ಪಟ್ಟಿ. ನಗರದಲ್ಲಿ ಯಾರೂ ಕೇಳುವುದಿಲ್ಲ ಎಂದು ನಂಬಿ ಬಂದವರ ವಿಳಾಸ ಕೇಳಲು ಆ ನಗರ ಕಾನೂನನ್ನೇ ಬರೆದಿಟ್ಟಿತ್ತು.

ಹಾಗಾದರೆ ಇಷ್ಟು ವರ್ಷ ಬೆಂಗಳೂರಿಗೆ ಬಂದವರು ಬದುಕಿದ್ದು ಹೇಗೆ? ಅವರನ್ನು ಬದುಕಿಸಿದ್ದು ಹಮಾಮ್, ಅಂದರೆ ಹಿಜ್ರಾಗಳು ಒಟ್ಟಾಗಿ ಬಾಳುವ ಮನೆ. ನಡುರಾತ್ರಿ ಬಂದಿಳಿದ, ಮೈಮೇಲಿನ ಬಟ್ಟೆ ಬಿಟ್ಟು ಇನ್ನೇನೂ ಇಲ್ಲದ ಮಗುವಿಗೆ ಬಾಗಿಲು ತೆರೆದದ್ದು ಹಿಜ್ರಾ ಸಮುದಾಯದ ಹಿರಿಯರು. ಅನ್ನ ಹಾಕಿದರು, ಸೀರೆ ಉಡಿಸಿದರು, ಚೇಲಾ ಎಂದು ಹೆಸರಿಟ್ಟು ಮಗಳಾಗಿಸಿಕೊಂಡರು, ಜ್ವರ ಬಂದಾಗ ಪಕ್ಕದಲ್ಲಿ ಕೂತರು. ಯಾವ ಸಮಾಜ ಕಲ್ಯಾಣ ಇಲಾಖೆಯೂ ಮಾಡದ ಕೆಲಸವಿದು. ಆದರೆ ಹಮಾಮ್‌ನಲ್ಲಿ ಗುರುವಿಗೆ ಸಲ್ಲಿಸಬೇಕಾದ ಸಂಪಾದನೆ ಇದೆ, ತೀರಿಸಬೇಕಾದ ಋಣ ಇದೆ, ಕಟ್ಟುಪಾಡುಗಳ ಬಿಗಿ ಇದೆ. ಸಮುದಾಯದ ಒಳಗಿನವರೇ ಅದನ್ನು ಬರೆದಿದ್ದಾರೆ. ಎ. ರೇವತಿ ತಮ್ಮ ಆತ್ಮಕಥೆಯಲ್ಲಿ ಆ ಮನೆಯ ಪ್ರೀತಿಯನ್ನೂ ಪೆಟ್ಟನ್ನೂ ಮುಚ್ಚಿಡದೆ ಹೇಳಿದ್ದಾರೆ. ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಆಗಿ ಕನ್ನಡಕ್ಕೆ ಬಂದ ಆ ಪುಸ್ತಕವನ್ನು ಓದಿಯೂ ‘ನಗರಕ್ಕೆ ಹೋದರೆ ಬಿಡುಗಡೆ’ ಎನ್ನುವವರ ಓದಿನ ಬಗ್ಗೆ ನನಗೆ ಸಂಶಯವಿದೆ. ತಮಿಳುನಾಡಿನ ಹಳ್ಳಿಯಿಂದ ದೆಹಲಿಗೆ, ಮುಂಬಯಿಗೆ, ಮತ್ತೆ ಊರಿಗೆ, ಆಮೇಲೆ ಬೆಂಗಳೂರಿಗೆ ಅಲೆದ ಬದುಕದು. ಪ್ರತಿ ಸಲವೂ ಮನೆಗೆ ಮರಳುವ ಹಂಬಲ ಅದರಲ್ಲಿದೆ. ಬಿಟ್ಟುಬಂದ ಊರನ್ನು ಮರೆತು ಸುಖವಾಗಿದ್ದ ಕತೆಯಂತೂ ಅಲ್ಲ.

ಊರು ಬಿಟ್ಟರೆ ಬಿಡುಗಡೆ ಎಂಬ ಅಭಿಪ್ರಾಯವನ್ನು ಸಿನಿಮಾ ಕೂಡ ಗಟ್ಟಿ ಮಾಡಿದೆ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿ ಬಿ.ಎಸ್. ಲಿಂಗದೇವರು ಮಾಡಿದ ‘ನಾನು ಅವನಲ್ಲ ಅವಳು’ ಕನ್ನಡದ ಒಳ್ಳೆಯ ಚಿತ್ರಗಳಲ್ಲೊಂದು. ಅದರಲ್ಲಿನ ನಟನೆಗಾಗಿ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು, ಅದು ನ್ಯಾಯವಾಗಿಯೇ ಸಂದಿತು. ಆದರೆ ಅದನ್ನು ನೋಡಿ ಹೊರಬಂದ ಪ್ರೇಕ್ಷಕರು ಮನೆಗೆ ಒಯ್ದದ್ದೇನು? ಪಾಪ, ಎಷ್ಟು ಕಷ್ಟ ಎಂಬ ಕಣ್ಣೀರು. ಊರು ಬಿಟ್ಟದ್ದೇ ಒಳ್ಳೆಯದಾಯಿತು ಎಂಬ ಸಮಾಧಾನ. ಆ ಊರಿನವರು ಏನು ಮಾಡಬೇಕಿತ್ತು ಎಂಬ ಪ್ರಶ್ನೆಯನ್ನು ಚಿತ್ರಮಂದಿರದಲ್ಲೇ ಬಿಟ್ಟು ಬಂದರು.

ಟ್ರಾನ್ಸ್‌ಜೆಂಡರ್ ಜನ ನಗರದವರು ಎಂಬ ಕಲ್ಪನೆಯೇ ತಪ್ಪು. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎರಡೂ ಅಲ್ಲದ ‘ಇತರೆ’ ಕಲಮಿನಲ್ಲಿ ದೇಶದಾದ್ಯಂತ 4,87,803 ಮಂದಿ ದಾಖಲಾದರು. ತಮಿಳುನಾಡಿನಲ್ಲಿ 22,364, ಕರ್ನಾಟಕದಲ್ಲಿ 20,266. ಎಣಿಕೆ ಕಡಿಮೆ ಎಂದು ಸಮುದಾಯದವರು ಹೇಳುತ್ತಲೇ ಬಂದಿದ್ದಾರೆ, ಅದು ನಿಜ. ಹಾಗಿದ್ದರೂ ಒಂದು ವಿಷಯ ಸ್ಪಷ್ಟ: ದಾಖಲಾದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಹಳ್ಳಿಗಳಲ್ಲಿದ್ದರು. ದೇಶದ ಉಳಿದ ಜನರ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಆರು ವರ್ಷದೊಳಗಿನ ಸುಮಾರು 55,000 ಮಕ್ಕಳನ್ನು ಆ ಕಲಮಿನಲ್ಲಿ ಬರೆಸಿದವರು ಅವರ ತಂದೆತಾಯಿಗಳೇ. ಇದರ ಪಕ್ಕದಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕಾಗಿ ದೆಹಲಿ ಮತ್ತು ಉತ್ತರಪ್ರದೇಶದಲ್ಲಿ ನಡೆದ, 2017ರ ಅಧ್ಯಯನವನ್ನು ಇಟ್ಟು ನೋಡಿ. ಅದರಲ್ಲಿ ಮಾತಾಡಿಸಿದ ವಯಸ್ಕರ ಪೈಕಿ ತಂದೆತಾಯಿಯೊಂದಿಗೆ ಇದ್ದವರು ನೂರಕ್ಕೆ ಇಬ್ಬರು ಮಾತ್ರ. ಮಗುವಾಗಿದ್ದಾಗ ಮನೆಯವರು ಬಾಯಿಬಿಟ್ಟು ಹೇಳಿ ಬರೆಸಿದ್ದರು, ಬೆಳೆದ ಮೇಲೆ ಮನೆಯಲ್ಲಿ ಜಾಗವಿಲ್ಲ. ನಡುವಿನ ವರ್ಷಗಳಲ್ಲಿ ಅವರನ್ನು ಹೊರಗೆ ತಳ್ಳಿದ ಕೈಗಳು ನಮ್ಮವೇ.

ತಳ್ಳುವುದು ಅಪರಾಧ ಎಂದು ಕಾನೂನೇ ಹೇಳಿದೆ. 2014ರ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತನ್ನ ಲಿಂಗ ಯಾವುದೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದೇ ಎಂದಿತು. 2019ರಲ್ಲಿ ಸಂಸತ್ತು ಮಾಡಿದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ ಕಾಯ್ದೆಯ 12ನೇ ಸೆಕ್ಷನ್, ತಂದೆತಾಯಿ ಇರುವ ಮನೆಯಲ್ಲಿ ಇರುವ ಹಕ್ಕು, ಆ ಮನೆಯಿಂದ ಹೊರಹಾಕಿಸಿಕೊಳ್ಳದಿರುವ ಹಕ್ಕು ಟ್ರಾನ್ಸ್‌ಜೆಂಡರ್ ವ್ಯಕ್ತಿಗೆ ಇದೆ ಎಂದು ಬರೆಯಿತು. 18ನೇ ಸೆಕ್ಷನ್, ಅವರನ್ನು ಮನೆ ಅಥವಾ ಹಳ್ಳಿ ಬಿಡುವಂತೆ ಬಲವಂತ ಮಾಡಿದವರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಎಂದಿತು. ನಮ್ಮ ಸೋದರಮಾವಂದಿರು, ಊರ ಯಜಮಾನರು ಇದನ್ನು ಕೇಳಿಯೇ ಇಲ್ಲ. ಕೇಳಿಸಬೇಕಾದ ಠಾಣೆಯೂ ಹೇಳಿಲ್ಲ.

ಆದರೆ ಅದೇ ಕಾಯ್ದೆಯ ಒಳಗೂ ಹೊರಗೆ ಕಳಿಸಿದರಾಯಿತು ಎಂಬ ಪ್ರಚಲಿತ ಅಭಿಪ್ರಾಯ ನುಸುಳಿಕೊಂಡಿದೆ. ಮನೆಯವರು ನೋಡಿಕೊಳ್ಳಲಾಗದಿದ್ದರೆ ಕೋರ್ಟು ಆ ವ್ಯಕ್ತಿಯನ್ನು ಪುನರ್ವಸತಿ ಕೇಂದ್ರಕ್ಕೆ ಕಳಿಸಬೇಕು ಎಂದು ಅದು ಹೇಳುತ್ತದೆ. ಚಿಕ್ಕಮ್ಮನ ಮನೆ, ಗೆಳೆಯರ ಮನೆ, ಸಮುದಾಯದ ಹಿರಿಯರ ಮನೆ ಅದರ ಕಣ್ಣಿಗೆ ಬೀಳಲೇ ಇಲ್ಲ. ‘ಗರಿಮಾ ಗೃಹ’ ಎಂಬ ಹೆಸರಿನಲ್ಲಿ ಕೇಂದ್ರ ಸರ್ಕಾರ ಮೊದಲಿಗೆ ತೆರೆಯ ಹೊರಟ ಆಶ್ರಯಮನೆಗಳು 12, ಒಂದೊಂದರಲ್ಲಿ ಕನಿಷ್ಠ 25 ಮಂದಿಗೆ ಜಾಗ. ಲೆಕ್ಕ ಹಾಕಿ: ಮುನ್ನೂರು ಮಂಚ. ಬಾಡಿಗೆ ಮನೆ ನಿರಾಕರಿಸಬಾರದು ಎಂದು 3ನೇ ಸೆಕ್ಷನ್ ಹೇಳುತ್ತದೆ, ಆದರೆ ನಿರಾಕರಿಸಿದ ಮಾಲೀಕನಿಗೆ ಶಿಕ್ಷೆ ಏನೆಂದು ಹೇಳುವುದಿಲ್ಲ. ಇನ್ನು ಈ ಕಾಯ್ದೆಯಡಿ ಬಂದ 2020ರ ನಿಯಮಗಳು. ಗುರುತಿನ ಪ್ರಮಾಣಪತ್ರ ಕೊಡುವವರು ಜಿಲ್ಲಾಧಿಕಾರಿ. ಅರ್ಜಿ ಹಾಕುವವರು ಅವರ ವ್ಯಾಪ್ತಿಯಲ್ಲಿ ಸತತ 12 ತಿಂಗಳು ವಾಸವಾಗಿರಬೇಕು. ಹೊಸ ಊರಿಗೆ ಬಂದ ಮೊದಲ ವರ್ಷವೇ ಮನೆಗೆ, ಬ್ಯಾಂಕಿಗೆ, ಕೆಲಸಕ್ಕೆ ಆ ಕಾಗದ ಎಲ್ಲಕ್ಕಿಂತ ಹೆಚ್ಚು ಬೇಕು. ನಿಯಮ ಅದನ್ನು ಒಂದು ವರ್ಷ ತಡೆಹಿಡಿಯುತ್ತದೆ. ಹೊರಡುವ ಮೊದಲು ಉದಗಮಂಡಲದ ಕಲೆಕ್ಟರ್ ಕಚೇರಿಯಲ್ಲೇ ಅದನ್ನು ಪಡೆಯಬೇಕೆಂದರೆ ಊರಲ್ಲಿ ಬಹಿರಂಗವಾಗಿ ತನ್ನನ್ನು ತೋರಿಸಿಕೊಂಡು ಬದುಕುವ ಧೈರ್ಯವನ್ನು ಊರು ಕೊಟ್ಟಿರಬೇಕು. ‘ಹೋಗಿಬಿಡು’ ಎನ್ನುವ ಊರು ಅದನ್ನು ಎಲ್ಲಿ ಕೊಡುತ್ತದೆ?

ನೀಲಗಿರಿಯಿಂದ ಕನ್ನಡನಾಡಿಗೆ ಹೋಗುವವರಿಗೆ ಇನ್ನೊಂದು ಗಡಿ ಅಡ್ಡ. ತಮಿಳುನಾಡು 2008ರಲ್ಲೇ ತಿರುನಂಗೈಯರ (ಟ್ರಾನ್ಸ್‌ಜೆಂಡರ್ ಮಹಿಳೆಯರ) ಕಲ್ಯಾಣ ಮಂಡಳಿ ಸ್ಥಾಪಿಸಿತು. ದೇಶದಲ್ಲಿ ಅದೇ ಮೊದಲು. ಆ ಮಂಡಳಿಯ ಚೀಟಿ ಹಿಡಿದು ಮಸಿನಗುಡಿ ದಾಟಿ, ಕೆಕ್ಕನಹಳ್ಳ ಚೆಕ್‌ಪೋಸ್ಟ್ ಕಳೆದು ಗುಂಡ್ಲುಪೇಟೆಗೆ ಇಳಿದರೆ ಅದರ ಬೆಲೆ ಕಾಡಿನಲ್ಲೇ ಉಳಿದುಬಿಡುತ್ತದೆ. ಕರ್ನಾಟಕದ ಶಕ್ತಿ ಯೋಜನೆಯಲ್ಲಿ 2023ರಿಂದ ಟ್ರಾನ್ಸ್‌ಜೆಂಡರ್ ಪ್ರಯಾಣಿಕರಿಗೂ ಬಸ್ಸು ಉಚಿತ, ಆದರೆ ಕರ್ನಾಟಕದ ನಿವಾಸಿಯಾಗಿರಬೇಕು. 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ನೂರಕ್ಕೆ ಒಂದು ಸ್ಥಾನವನ್ನು ಮೀಸಲಿಟ್ಟು ಬೇರೆ ರಾಜ್ಯಗಳಿಗೆ ದಾರಿ ತೋರಿತು, ಅದು ಹೆಮ್ಮೆಯ ಕೆಲಸ. ಅಂಥ ನೌಕರಿಗೆ ಅರ್ಜಿ ಹಾಕುವಷ್ಟು ಓದಲು ಊರ ಶಾಲೆಯಲ್ಲಿ ಕೊನೆಯ ತರಗತಿಯವರೆಗೆ ಉಳಿದಿರಬೇಕು. ಹದಿನಾರಕ್ಕೆ ಊರು ಬಿಟ್ಟವರಿಗೆ ಆ ಮೀಸಲಾತಿ ಬಾಗಿಲಿಲ್ಲದ ಗೋಡೆ.

ಗಂಡಾಗಿ ಬಾಳಬೇಕೆಂದಿರುವ, ಹೆಣ್ಣೆಂದು ಬೆಳೆಸಲ್ಪಟ್ಟವರ ಕಡೆಗೆ ಈ ಸಲಹೆಗಾರರ ಲಕ್ಷ್ಯವೇ ಇಲ್ಲ. ಅವರನ್ನು ಯಾರೂ ‘ಬೆಂಗಳೂರಿಗೆ ಹೋಗು’ ಎನ್ನುವುದಿಲ್ಲ. ಮದುವೆ ಮಾಡಿಬಿಡುತ್ತಾರೆ. ಓಡಿಹೋದರೆ ‘ಮಗಳು ಕಾಣೆಯಾಗಿದ್ದಾಳೆ’ ಎಂದು ಠಾಣೆಯಲ್ಲಿ ದೂರು. ನಗರದಲ್ಲಿ ಅವರಿಗಾಗಿ ಕಾಯುವ ಹಮಾಮ್ ಕೂಡ ಇಲ್ಲ. 2021ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಇಂಥ ‘ಕಾಣೆ’ ದೂರುಗಳ ಬಗ್ಗೆ ಕೊಟ್ಟ ಆದೇಶ ಇಲ್ಲಿ ಮುಖ್ಯ. ಮದುರೈನಿಂದ ಚೆನ್ನೈಗೆ ಬಂದು ಜೊತೆಯಾಗಿ ಬಾಳುತ್ತಿದ್ದ ಇಬ್ಬರು ಯುವತಿಯರನ್ನು ಮನೆಯವರ ದೂರಿನ ಮೇಲೆ ಪೊಲೀಸರು ವಿಚಾರಿಸುತ್ತಿದ್ದರು. ಇಂಥ ದೂರುಗಳಲ್ಲಿ ವಯಸ್ಕರು ತಾವಾಗಿಯೇ ಬಂದಿದ್ದಾರೆಂದು ಗೊತ್ತಾದರೆ ಕಿರುಕುಳ ಕೊಡದೆ ಪ್ರಕರಣ ಮುಚ್ಚಬೇಕು ಎಂದಿತು ಕೋರ್ಟು. ‘ಸರಿಪಡಿಸುವ’ ಚಿಕಿತ್ಸೆಗಳನ್ನೂ ನಿಷೇಧಿಸಿತು. ಹೊರಡುವವರಿಗೆ ದಾರಿ ಸುರಕ್ಷಿತವಾಗಿರಬೇಕು ಎಂಬುದನ್ನು ಒಬ್ಬ ನ್ಯಾಯಾಧೀಶರು ಅರಿತು, ತಮ್ಮ ಪೂರ್ವಗ್ರಹಗಳನ್ನೂ ತೆರೆದ ಮನಸ್ಸಿನಿಂದ ಪರೀಕ್ಷಿಸಿಕೊಂಡು ಬರೆದ ಆದೇಶವದು.

ನನ್ನ ಮಾತಿಗೆ ಎದುರಾಗುವ ಗಟ್ಟಿಯಾದ ಆಕ್ಷೇಪ ಒಂದಿದೆ, ಅದನ್ನು ಹಗುರಾಗಿ ಕಾಣುವಂತಿಲ್ಲ. ‘ಮನೆಯಲ್ಲೇ ಹೊಡೆದು ಸಾಯಿಸುತ್ತಾರೆ. ಊರು ಬದಲಾಗಲಿ ಎಂದು ಕಾಯುತ್ತಾ ಕೂತರೆ ಜೀವ ಉಳಿಯುತ್ತದೆಯೇ? ಅಂಬೇಡ್ಕರರೇ ಹಳ್ಳಿ ಬಿಡಿ ಎಂದರಲ್ಲವೇ?’ ಜೀವ ಉಳಿಸಿಕೊಳ್ಳಲು ಓಡುವವರು ಓಡಲಿ, ಈ ಕ್ಷಣವೇ ಓಡಲಿ. ಅವರಲ್ಲಿ ಒಬ್ಬರನ್ನೂ ನಾನು ಊರಲ್ಲೇ ಇರು ಎನ್ನಲಾರೆ. ನನ್ನ ಜಗಳವಿರುವುದು ಓಡುವವರೊಂದಿಗಲ್ಲ, ಆ ಓಟವನ್ನು ಪರಿಹಾರವೆಂದು ಕರೆಯುವ ನಮ್ಮೊಂದಿಗೆ. ಅಂಬೇಡ್ಕರರ ಮಾತನ್ನು ಅರ್ಧಕ್ಕೇ ನಿಲ್ಲಿಸಬೇಡಿ. ಹಳ್ಳಿಯ ಕ್ರೌರ್ಯವನ್ನು ಅವರಷ್ಟು ಖಡಾಖಂಡಿತವಾಗಿ ಹೇಳಿದವರಿಲ್ಲ. ಆದರೆ 1927ರಲ್ಲಿ ಮಹಾಡ್‌ನ ದಲಿತರಿಗೆ ಅವರು ಬೇರೆ ಊರಿನ ಕೆರೆ ತೋರಿಸಲಿಲ್ಲ. ಅದೇ ಊರಿನ, ಅದೇ ಚೌಡಾರ್ ಕೆರೆಗೆ ಸಾವಿರಾರು ಜನರನ್ನು ಕರೆದೊಯ್ದು ನೀರು ಕುಡಿಸಿದರು. ನಗರಕ್ಕೆ ಹೋಗಿ ಎಂದಾಗಲೂ ಅದರ ಹಿಂದೆ ವಿದ್ಯಾರ್ಥಿನಿಲಯವಿತ್ತು, ಕಾಲೇಜಿತ್ತು, ಸಂಘಟನೆಯಿತ್ತು, ಮೀಸಲಾತಿಯ ಹೋರಾಟವಿತ್ತು. ಒಂಟಿ ಹುಡುಗಿಯೊಬ್ಬಳಿಗೆ ರಾತ್ರಿ ಬಸ್ಸಿನ ಟಿಕೆಟ್ ಕೊಟ್ಟವರು ಅವರ ಹೆಸರು ಹೇಳಬಾರದು.

ಚಿಕಿತ್ಸೆ ನಗರದಲ್ಲಷ್ಟೇ ಸಿಗುತ್ತದೆ ಎಂಬುದು ಇನ್ನೊಂದು ವಾದ. ಹೃದಯದ ಆಪರೇಷನ್‌ಗೆ ಕೊಯಮತ್ತೂರಿಗೆ ಹೋದ ತಾತ ಇನ್ನು ಅಲ್ಲೇ ನೆಲೆಸಲಿ, ಊರಿಗೆ ಬರುವುದು ಬೇಡ ಎಂದು ಯಾರಾದರೂ ಹೇಳುತ್ತಾರೆಯೇ? ಉದಗಮಂಡಲದಲ್ಲೇ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಹಾರ್ಮೋನ್ ಚಿಕಿತ್ಸೆಯ ಸಲಹೆಯನ್ನು ಅಲ್ಲಿಯೇ ಕೊಡಿ ಎಂದು ಕೇಳುವುದು ದುರಾಸೆಯೇನಲ್ಲ.

ಸಣ್ಣ ಊರಿನವರಿಗೆ ಇದೆಲ್ಲ ಅರ್ಥವಾಗದು ಎಂಬ ಮಾತು ಸಣ್ಣ ಊರಿಗೆ ಮಾಡುವ ಅವಮಾನ. ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಬಳ್ಳಾರಿ ಸೀಮೆಯ ಕಲ್ಲುಕಂಬದ ಮನೆಯಲ್ಲಿ ನೆಲೆ ಕಳೆದುಕೊಂಡರು, ನಿಜ. ಆದರೆ ಅವರು ಕಲಾವಿದೆಯಾಗಿ ಬೆಳೆದದ್ದು, ಮನೆ ಮಾಡಿದ್ದು ಯಾವ ಮಹಾನಗರದಲ್ಲೂ ಅಲ್ಲ, ಹೊಸಪೇಟೆ ಬಳಿಯ ಮರಿಯಮ್ಮನಹಳ್ಳಿಯಲ್ಲಿ. ಅಲ್ಲಿಂದಲೇ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಇದನ್ನು ಹೇಳುವಾಗ ಎಚ್ಚರ ಬೇಕು. ಊರು ಅವರಿಗೆ ಮೊದಲು ಕೊಟ್ಟ ಜಾಗ ಹುಲಿಗೆಮ್ಮನ ಹೆಸರಿನಲ್ಲಿ, ಎಲ್ಲಮ್ಮನ ಕೊಡದ ಹೆಸರಿನಲ್ಲಿ. ದೇವಿಯ ಮುತ್ತು ಕಟ್ಟಿಸಿಕೊಳ್ಳದೆ, ಒಬ್ಬ ಟೈಲರ್ ಆಗಿಯೋ ನರ್ಸ್ ಆಗಿಯೋ ಬಾಳಬೇಕೆಂದವರಿಗೆ ಆ ಜಾಗ ಇಲ್ಲ. ಭಕ್ತಿಯ ಬಲದಿಂದ ಒಂದು ಊರು ಇಷ್ಟು ಮಾಡಬಲ್ಲದಾದರೆ ಹಕ್ಕಿನ ಬಲದಿಂದಲೂ ಮಾಡಬಲ್ಲದು. ಸೇಲಂನವರಾದ ಟ್ರಾನ್ಸ್‌ಜೆಂಡರ್ ಮಹಿಳೆ ಪ್ರೀತಿಕಾ ಯಾಶಿನಿ ಕೋರ್ಟಿನಲ್ಲಿ ಹೋರಾಡಿ ಸಬ್ ಇನ್‌ಸ್ಪೆಕ್ಟರ್ ಆದಾಗ 2017ರಲ್ಲಿ ಅವರಿಗೆ ಸಿಕ್ಕ ಊರು ಚೆನ್ನೈ ಅಲ್ಲ, ಧರ್ಮಪುರಿ. ಆ ಸಣ್ಣ ಊರು ಅವರಿಗೆ ಸಲ್ಯೂಟ್ ಹೊಡೆದು ಕೆಲಸ ಮಾಡಿತು.

ನಮ್ಮ ಬೆಟ್ಟದವರ ಮನಸ್ಸೂ ಕಲ್ಲಲ್ಲ. 2021ರ ಡಿಸೆಂಬರ್ 8ರಂದು ವೆಲ್ಲಿಂಗ್ಟನ್‌ಗೆ ಬರುತ್ತಿದ್ದ ಸೇನಾ ಹೆಲಿಕಾಪ್ಟರ್ ನಂಜಪ್ಪಚತ್ರದ ಬಳಿ ಬಿದ್ದು ಉರಿದಾಗ ಅಲ್ಲಿನ ಬಡಜನ ಮನೆಯ ಕಂಬಳಿಗಳನ್ನೇ ಹೊತ್ತು ಓಡಿದರು. ಒಳಗಿದ್ದವರು ಯಾರು, ಯಾವ ಜಾತಿ, ಯಾವ ಭಾಷೆ ಎಂದು ಕೇಳಲಿಲ್ಲ. ಗುರುತಿಲ್ಲದವರಿಗಾಗಿ ಓಡಬಲ್ಲ ಜನ ತಾವೇ ಎತ್ತಿ ಆಡಿಸಿದ ಮಗುವಿಗೆ ಊರಲ್ಲಿ ಜಾಗ ಕೊಡಲಾರರು ಎಂದರೆ ನಾನು ನಂಬುವುದಿಲ್ಲ.

ಹಾಗೆಂದು ಯಾರೂ ಊರು ಬಿಡಬಾರದು ಎಂದಲ್ಲ. ಓದಲು, ದುಡಿಯಲು, ಪ್ರೀತಿಸಲು, ಬರೀ ಬೇರೆ ಊರು ನೋಡಬೇಕೆಂಬ ಆಸೆಗೂ ಜನ ಹೋಗುತ್ತಾರೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೂ ಆ ಆಸೆ ಇರುತ್ತದೆ. ಹೋಗುವವರ ಕೈಯಲ್ಲಿ ಹೊಸ ಹೆಸರಿನ ಅಂಕಪಟ್ಟಿ ಇರಲಿ, ಕಲೆಕ್ಟರ್ ಸಹಿ ಹಾಕಿದ ಪ್ರಮಾಣಪತ್ರ ಇರಲಿ, ಅಮ್ಮನ ಫೋನ್ ನಂಬರ್ ಇರಲಿ, ಹಬ್ಬಕ್ಕೆ ವಾಪಸ್ ಬರಲು ಮನೆ ಇರಲಿ. ಹನ್ನೆರಡು ತಿಂಗಳ ವಾಸದ ನಿಯಮ ರದ್ದಾಗಲಿ. ರಾಜ್ಯ ಬದಲಾದಾಗ ಸೌಲಭ್ಯ ಕಡಿಯದಂತೆ ಎರಡು ಸರ್ಕಾರಗಳು ಕೂತು ಮಾತಾಡಲಿ. ಮನೆ ನಿರಾಕರಿಸಿದ ಮಾಲೀಕನಿಗೆ ದಂಡ ಬರೆಯಲಿ. ವೆಲ್ಲಿಂಗ್ಟನ್ ಕಂಟೋನ್ಮೆಂಟ್ ಬೋರ್ಡು, ಕೂನೂರು ನಗರಸಭೆ, ಜಿಲ್ಲೆಯ ಪ್ರತಿ ಠಾಣೆ ಮತ್ತು ಶಾಲೆ 18ನೇ ಸೆಕ್ಷನ್ನನ್ನು ತಮಿಳು, ಕನ್ನಡ, ಮಲಯಾಳಂನಲ್ಲಿ ಗೋಡೆಗೆ ಹಚ್ಚಲಿ. ಮಗುವಿನ ಮೇಲೆ ಕೈ ಮಾಡಿದ ಮನೆಗೆ ಪೊಲೀಸರು ಹೋಗಲಿ. ಇಷ್ಟೆಲ್ಲ ಆದಮೇಲೂ ಹೊರಡುವವರಿಗೆ ಶುಭವಾಗಲಿ ಎಂದು ನಾವು ಹೇಳಬಹುದು, ಅದಕ್ಕೆ ಮೊದಲು ಆ ಹಕ್ಕು ನಮಗಿಲ್ಲ.

ಸರ್ಕಾರ ಮಾಡುವುದನ್ನು ಸರ್ಕಾರ ಮಾಡಲಿ, ಓದುವ ನಿಮ್ಮ ಕೈಯಲ್ಲೂ ಒಂದು ಕೆಲಸವಿದೆ. ಕೂನೂರಿನಲ್ಲೋ ಗುಂಡ್ಲುಪೇಟೆಯಲ್ಲೋ ಮೈಸೂರಿನಲ್ಲೋ ನಿಮ್ಮದೊಂದು ಬಾಡಿಗೆ ಮನೆ ಖಾಲಿ ಇದ್ದರೆ, ಟ್ರಾನ್ಸ್‌ಜೆಂಡರ್ ಒಬ್ಬರು ಬಂದು ಕೇಳಿದರೆ, ಬೇರೆಯವರಿಗೆ ಹೇಳುವ ಬಾಡಿಗೆಯನ್ನೇ ಹೇಳಿ, ಮನೆ ಕೊಡಿ. ಕರಾರು ಪತ್ರದಲ್ಲಿ ಅವರು ಹೇಳಿದ ಹೆಸರನ್ನೇ ಬರೆಯಿರಿ.